ಬೇವೇಯ ಹುಚ್ಚು ಗ್ಯಾಸು: ನ್ಯೂಜೆರ್ಸಿಯಿಂದ ನಮ್ಮ ಮನೆವರೆಗೆ ಸೀಸದ ಕತೆ

ನ್ಯೂವರ್ಕ್ ಏರ್‌ಪೋರ್ಟಿನಿಂದ ಎಡಿಸನ್ ಕಡೆಗೆ ಹೋಗುವವರು ನ್ಯೂಜೆರ್ಸಿ ಟರ್ನ್‌ಪೈಕ್ ಹಿಡಿದು ದಕ್ಷಿಣಕ್ಕೆ ಬರ್ತಾರೆ. ಎಕ್ಸಿಟ್ 13 ದಾಟುತ್ತಿದ್ದ ಹಾಗೆ ರಸ್ತೆ ಪಕ್ಕದಲ್ಲಿ ಪೈಪುಗಳು, ದುಂಡನೆಯ ಟ್ಯಾಂಕುಗಳು, ಉದ್ದುದ್ದ ಚಿಮಣಿಗಳು ಒಂದಕ್ಕೊಂದು ಹೆಣೆದುಕೊಂಡ ಒಂದು ಕಬ್ಬಿಣದ ಕಾಡು ಕಾಣಿಸುತ್ತೆ. ಊರಿಂದ ಮೊದಲ ಸಲ ಬಂದ ಅಪ್ಪ ಅಮ್ಮ ಕಾರಿನ ಕಿಟಕಿ ಏರಿಸಿ, "ಅಮೆರಿಕಾ ಅಂದ್ರೆ ಇದೇನಾ?" ಅಂತ ಕೇಳೋದು ಇಲ್ಲೇ. ಅದು ಬೇವೇ ರಿಫೈನರಿ. 1909ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಶುರು ಮಾಡಿದ್ದು. ಕೈಯಿಂದ ಕೈಗೆ ಬದಲಾಗಿ ಇವತ್ತಿಗೂ ನಡೀತಾ ಇದೆ. ನಾವೆಲ್ಲ ಅದರ ಪಕ್ಕದಲ್ಲಿ ನೂರಾರು ಸಲ ಹಾದುಹೋಗಿದ್ದೇವೆ. 1924ರ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಅದರ ಒಂದು ಕಟ್ಟಡದಲ್ಲಿ ಏನು ನಡೀತು ಅನ್ನೋದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಆ ಕಟ್ಟಡಕ್ಕೆ ಕೆಲಸಗಾರರೇ ಇಟ್ಟ ಹೆಸರು "ಲೂನಿ ಗ್ಯಾಸ್" ಕಟ್ಟಡ. ಹುಚ್ಚು ಹಿಡಿಸುವ ಗ್ಯಾಸು. ಅಲ್ಲಿಗೆ ಕೆಲಸಕ್ಕೆ ಹೋಗುವವರನ್ನು ಉಳಿದವರು ತಮಾಷೆ ಮಾಡ್ತಿದ್ದರು. ಆ ವಾರ ತಮಾಷೆ ನಿಂತುಹೋಯ್ತು. ಒಬ್ಬ ಕೆಲಸಗಾರ ಇಲ್ಲದ ಯಾರೋ ತನ್ನ ಮೇಲೆ ಬೀಳೋಕೆ ಬರ್ತಿದ್ದಾರೆ ಅಂತ ಕಿರುಚುತ್ತಾ ಓಡಾಡಿದ. ಆಸ್ಪತ್ರೆಯಲ್ಲಿ ಅವನನ್ನು ಕಟ್ಟಿಹಾಕಬೇಕಾಯಿತು. ಎರಡೇ ದಿನದಲ್ಲಿ ಸತ್ತ. ಅವನ ಹಿಂದೆಯೇ ಇನ್ನಷ್ಟು ಜನ ನಡುಗುತ್ತಾ, ಬಡಬಡಿಸುತ್ತಾ, ಸೆಟೆದುಕೊಂಡು ಆಸ್ಪತ್ರೆ ಸೇರಿದರು. ಆ ಘಟಕದಲ್ಲಿ ಕೆಲಸ ಮಾಡುತ್ತಿದ್ದವರು 49 ಜನ. ಅದರಲ್ಲಿ ಐವರು ಸತ್ತರು. 35 ಜನರಿಗೆ ನರಗಳ ತೀವ್ರ ತೊಂದರೆ ಕಾಣಿಸಿಕೊಂಡಿತು. ಕಂಪನಿ ಕಡೆಯವರು ಮೊದಲು ಪತ್ರಿಕೆಗಳಿಗೆ ಕೊಟ್ಟ ವಿವರಣೆ ಏನು ಗೊತ್ತಾ? ಇವರು ಬಹುಶಃ ಮೈಮುರಿದು ದುಡಿದದ್ದೇ ಜಾಸ್ತಿಯಾಗಿ ಹುಚ್ಚರಾಗಿರಬೇಕು ಅಂತ!

ಆ ಕಟ್ಟಡದಲ್ಲಿ ತಯಾರಾಗುತ್ತಿದ್ದ ವಸ್ತು ಟೆಟ್ರಾಈಥೈಲ್ ಲೆಡ್. ಹೆಸರು ಉದ್ದ ಇದ್ದರೂ ವಿಷಯ ಸರಳ. ಸೀಸದ ಒಂದು ಪರಮಾಣುವಿಗೆ ನಾಲ್ಕು ಈಥೈಲ್ ಬಾಲ ಕಟ್ಟಿದರೆ ಆಗುವ ಎಣ್ಣೆಯಂಥ ದ್ರವ. ಇದು ಯಾಕೆ ಬೇಕಾಯಿತು ಅಂತ ತಿಳಿಯೋಕೆ ಆ ಕಾಲದ ಕಾರಿನ ಸದ್ದು ಕೇಳಬೇಕು. ಆಗಿನ ಪೆಟ್ರೋಲು ಎಂಜಿನ್ನಿನ ಒಳಗೆ ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿಯುತ್ತಿತ್ತು. ಟಕ ಟಕ ಅಂತ ಬಡಿತ, ಶಕ್ತಿ ನಷ್ಟ, ಎಂಜಿನ್ ಹಾಳು. ಜನರಲ್ ಮೋಟಾರ್ಸ್ ಕಂಪನಿಯ ಚಾರ್ಲ್ಸ್ ಕೆಟರಿಂಗ್ ಇದಕ್ಕೊಂದು ಪರಿಹಾರ ಹುಡುಕಲು ಥಾಮಸ್ ಮಿಜ್ಲಿ ಎಂಬ ಎಂಜಿನಿಯರನ್ನು ಹಚ್ಚಿದ. ಮಿಜ್ಲಿ ಸಿಕ್ಕಿದ್ದನ್ನೆಲ್ಲ ಪೆಟ್ರೋಲಿಗೆ ಬೆರೆಸಿ ನೋಡಿದ. 1921ರ ಡಿಸೆಂಬರ್ 9ರಂದು ಒಹಾಯೋದ ಡೇಟನ್ನಿನಲ್ಲಿ ಸೀಸದ ಈ ದ್ರವ ಹಾಕಿದಾಗ ಬಡಿತ ನಿಂತೇಹೋಯಿತು. ಒಂದು ಗ್ಯಾಲನ್ ಪೆಟ್ರೋಲಿಗೆ 3 ಮಿಲಿಲೀಟರಿನಷ್ಟು ಸಾಕಾಗುತ್ತಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಿದರೂ ಬಡಿತ ನಿಲ್ಲುತ್ತೆ ಅನ್ನೋದು ಮಿಜ್ಲಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ನಾವು ಬೆಂಗಳೂರಲ್ಲೂ ನ್ಯೂಜೆರ್ಸಿಯಲ್ಲೂ ಹಾಕಿಸೋ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತಲ್ಲ, ಅದೇ. ಆದರೆ ಆಲ್ಕೋಹಾಲನ್ನು ಜೋಳದಿಂದ, ಕಬ್ಬಿನಿಂದ ಯಾರು ಬೇಕಾದರೂ ಮಾಡಬಹುದು, ಅದರ ಮೇಲೆ ಒಬ್ಬರ ಹಿಡಿತ ಇರಲ್ಲ. ಸೀಸದ ದ್ರವಕ್ಕೆ ಪೇಟೆಂಟ್ ಸಿಗುತ್ತಿತ್ತು. 1924ರಲ್ಲಿ ಜನರಲ್ ಮೋಟಾರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಸೇರಿ ಒಂದು ಕಂಪನಿ ಕಟ್ಟಿದವು. ಅದಕ್ಕೆ ಇಟ್ಟ ಹೆಸರು ಎಥಿಲ್ ಗ್ಯಾಸೊಲೀನ್ ಕಾರ್ಪೊರೇಶನ್. "ಎಥಿಲ್" ಅಂದರೆ ಪಕ್ಕದ ಮನೆಯ ಆಂಟಿಯ ಹೆಸರಿನ ಹಾಗಿದೆ. ಸೀಸ ಅನ್ನೋ ಪದ ಮಾತ್ರ ಎಲ್ಲೂ ಇಲ್ಲ. ಅದು ಮರೆತು ಬಿಟ್ಟುಹೋದದ್ದು ಅಂತ ನಾನಂತೂ ನಂಬಲ್ಲ. ಸೀಸ ವಿಷ ಅನ್ನೋದು ಆಗ ಹೊಸ ಸುದ್ದಿಯೇನೂ ಆಗಿರಲಿಲ್ಲ. ಪ್ರಾಚೀನ ಗ್ರೀಕ್ ಮತ್ತು ರೋಮ್‌ನ ವೈದ್ಯರೂ ಅದನ್ನು ಬಲ್ಲವರೇ. ಬಣ್ಣ ಅರೆಯುವವರ ಹೊಟ್ಟೆನೋವು, ಜೋತುಬಿದ್ದ ಮಣಿಕಟ್ಟು ವೈದ್ಯಕೀಯ ಪುಸ್ತಕಗಳಲ್ಲೇ ಇದ್ದವು.

ಮಾಮೂಲಿ ಸೀಸಕ್ಕೂ ಈ ದ್ರವಕ್ಕೂ ಒಂದು ವ್ಯತ್ಯಾಸ ಇದೆ. ಸೀಸದ ಪುಡಿ ಹೊಟ್ಟೆಗೋ ಶ್ವಾಸಕೋಶಕ್ಕೋ ಹೋಗಬೇಕು. ಇದು ಕೊಬ್ಬಿನಲ್ಲಿ ಕರಗುವ ವಸ್ತು, ಹಾಗಾಗಿ ಚರ್ಮದ ಮೂಲಕವೇ ಒಳಗೆ ಇಳಿಯುತ್ತೆ, ನೇರ ಮಿದುಳಿಗೆ ಏರುತ್ತೆ. ಬೇವೇಯಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಇದನ್ನು ಅಗ್ಗವಾಗಿ ಮಾಡುವ ಹೊಸ ವಿಧಾನವೊಂದನ್ನು ಪ್ರಯೋಗಕ್ಕೆ ಇಳಿಸಿತ್ತು. ನ್ಯೂಜೆರ್ಸಿಯ ಇನ್ನೊಂದು ತುದಿಯಲ್ಲಿ, ಡೆಲಾವೇರ್ ನದಿ ದಂಡೆಯ ಡೀಪ್‌ವಾಟರಿನಲ್ಲಿ, ಡುಪಾಂಟ್ ಕಂಪನಿ ಅದಕ್ಕೂ ಮೊದಲೇ ಇದೇ ದ್ರವ ತಯಾರಿಸುತ್ತಿತ್ತು. ಅಲ್ಲಿನ ಕೆಲಸಗಾರರು ಮಾತಾಡ್ತಾ ಮಾತಾಡ್ತಾ ಗಾಳಿಯಲ್ಲಿ ಹಾರುವ ಹುಳಗಳನ್ನು ಕೈಯಿಂದ ಓಡಿಸುತ್ತಿದ್ದರು. ಹುಳಗಳು ಅವರ ಕಣ್ಣಿಗೆ ಮಾತ್ರ ಕಾಣುತ್ತಿದ್ದವು. ಹಾಗಾಗಿ ಆ ಕಟ್ಟಡಕ್ಕೆ "ಚಿಟ್ಟೆಗಳ ಮನೆ" ಅಂತ ಹೆಸರು ಬಿದ್ದಿತ್ತು. ಅಲ್ಲೂ ಜನ ಸತ್ತಿದ್ದರು. ಆದರೆ ಆ ಸಾವುಗಳು ಆ ಊರಿನಾಚೆ ಹೆಚ್ಚು ಸುದ್ದಿಯಾಗಲಿಲ್ಲ.

ಬೇವೇಯ ಸಾವು ಸುದ್ದಿಯಾಗಲು ಒಂದು ಕಾರಣ ಭೂಗೋಳ. ರಿಫೈನರಿಯಿಂದ ಮ್ಯಾನ್‌ಹ್ಯಾಟನ್ ಕಣ್ಣಳತೆಯ ದೂರ. ರೋಗಿಗಳನ್ನು ಹಡ್ಸನ್ ನದಿ ದಾಟಿಸಿ ನ್ಯೂಯಾರ್ಕಿನ ಆಸ್ಪತ್ರೆಗೆ ತಂದಿದ್ದರು. ಹೀಗೆ ವಿಷಯ ನ್ಯೂಯಾರ್ಕ್ ನಗರದ ಮುಖ್ಯ ವೈದ್ಯಕೀಯ ಪರೀಕ್ಷಕ ಚಾರ್ಲ್ಸ್ ನಾರಿಸ್ ಮೇಜಿಗೆ ಬಂತು. ಜೊತೆಗೆ ನಗರದ ಪತ್ರಿಕೆಗಳ ಬಾಯಿಗೂ. ನಾರಿಸ್ ಜೊತೆ ಇದ್ದವರು ಅಲೆಕ್ಸಾಂಡರ್ ಗೆಟ್ಲರ್, ಬೆಲ್ವ್ಯೂ ಆಸ್ಪತ್ರೆಯ ಪ್ರಯೋಗಾಲಯದ ವಿಷಶಾಸ್ತ್ರಜ್ಞ. ಅಮೆರಿಕಾದಲ್ಲಿ ವಿಷಪತ್ತೆಯನ್ನು ಒಂದು ವಿಜ್ಞಾನವಾಗಿ ನಿಲ್ಲಿಸಿದ ಜೋಡಿ ಇದು. ಮನುಷ್ಯನ ಅಂಗಾಂಶದಲ್ಲಿ ಈ ಹೊಸ ದ್ರವವನ್ನು ಪತ್ತೆ ಮಾಡುವ ಸಿದ್ಧ ವಿಧಾನ ಆಗ ಇರಲಿಲ್ಲ, ಗೆಟ್ಲರ್ ತಾನೇ ರೂಪಿಸಿಕೊಳ್ಳಬೇಕಾಯಿತು. ಸತ್ತವರ ಶ್ವಾಸಕೋಶದಲ್ಲಿ ಸೀಸ, ಮಿದುಳಿನಲ್ಲಿ ಸೀಸ. ಜಾಸ್ತಿ ದುಡಿದದ್ದಕ್ಕೆ ಹುಚ್ಚು ಹಿಡಿಯಿತು ಅನ್ನೋ ಕತೆ ಅಲ್ಲಿಗೆ ಮುಗೀತು. ನ್ಯೂಯಾರ್ಕ್ ನಗರದ ಆರೋಗ್ಯ ಮಂಡಳಿ ಸೀಸದ ಪೆಟ್ರೋಲ್ ಮಾರಾಟವನ್ನು ನಿಷೇಧಿಸಿತು. ಫಿಲಡೆಲ್ಫಿಯಾ, ನ್ಯೂಜೆರ್ಸಿಯಲ್ಲೂ ತಡೆ ಬಿತ್ತು.

ಕಂಪನಿ ಸುಮ್ಮನೆ ಕೂರಲಿಲ್ಲ. ಅಕ್ಟೋಬರ್ 30ರಂದು ಮಿಜ್ಲಿ ಪತ್ರಕರ್ತರನ್ನು ಕರೆದು ಅವರೆದುರೇ ಆ ದ್ರವವನ್ನು ಕೈಗೆ ಸುರಿದುಕೊಂಡು ತೊಳೆದ, ಒಂದು ನಿಮಿಷ ಮೂಗಿಗೆ ಹಿಡಿದು ಎಳೆದುಕೊಂಡ. ನೋಡಿ, ನನಗೇನೂ ಆಗಲ್ಲ ಅನ್ನೋ ಹಾಗೆ. ಇದೇ ಮಿಜ್ಲಿ 1923ರ ಆರಂಭದಲ್ಲಿ ಸೀಸದ ವಿಷ ಏರಿ ಫ್ಲೋರಿಡಾಗೆ ಹೋಗಿ ವಾರಗಟ್ಟಲೆ ಸುಧಾರಿಸಿಕೊಂಡು ಬಂದಿದ್ದ. ಪತ್ರಕರ್ತರಿಗೆ ಅದನ್ನು ಹೇಳಲಿಲ್ಲ. (ಮುಂದೆ ಫ್ರಿಜ್ಜಿಗೆ ಬಳಸುವ ಸಿಎಫ್‌ಸಿ ಅನಿಲಗಳ ಹಿಂದೆಯೂ ಇದೇ ಆಸಾಮಿ. ಓಜೋನ್ ಪದರ ತೂತಾಗಿದ್ದು ಅದರಿಂದ. ಒಬ್ಬನೇ ಮನುಷ್ಯ ಇಡೀ ಭೂಮಿಯ ಗಾಳಿಯನ್ನು ಎರಡು ಸಲ ಕೆಡಿಸಿದ ಉದಾಹರಣೆ ಇನ್ನೊಂದಿಲ್ಲ.)

ಈಗ ಕತೆಯ ನಿಜವಾದ ತಿರುವಿಗೆ ಬರೋಣ. ಕಾರ್ಖಾನೆಯ ಸಾವನ್ನು ಕಂಪನಿ ಕೊನೆಗೆ ಒಪ್ಪಿಕೊಂಡಿತು. ಎಚ್ಚರಿಕೆ ಸಾಲದಾಯಿತು, ಯಂತ್ರ ಸರಿಪಡಿಸ್ತೀವಿ ಅಂದಿತು. ಆದರೆ ಕೆಲವರು ಬೇರೆ ಪ್ರಶ್ನೆ ಎತ್ತಿದರು. ಕಾರ್ಖಾನೆ ಬಿಡಿ, ಕೋಟಿಗಟ್ಟಲೆ ಕಾರುಗಳ ಹೊಗೆಯಲ್ಲಿ ಬೀದಿಗೆ ಬಂದು ಬೀಳುವ ಸೀಸದ ಪುಡಿ ಏನಾಗುತ್ತೆ? ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಮತ್ತು ಹಾರ್ವರ್ಡಿನ ಆಲಿಸ್ ಹ್ಯಾಮಿಲ್ಟನ್ ಇದನ್ನು ಕೇಳಿದವರಲ್ಲಿ ಮುಖ್ಯರು. ಹ್ಯಾಮಿಲ್ಟನ್ ಅಮೆರಿಕಾದ ಸೀಸದ ಕಾರ್ಖಾನೆಗಳನ್ನು ಒಂದೊಂದಾಗಿ ಸುತ್ತಿ, ಕೆಲಸಗಾರರ ಮನೆಗೆ ಹೋಗಿ, ಅವರ ಹೆಂಡಂದಿರನ್ನು ಮಾತಾಡಿಸಿ ರೋಗಗಳನ್ನು ದಾಖಲು ಮಾಡಿದ್ದ ವೈದ್ಯೆ. ಹೆಂಡರ್ಸನ್ 1925ರಲ್ಲೇ ಹೇಳಿದ್ದು ಹೆಚ್ಚೂಕಡಿಮೆ ಹೀಗೆ: ಇದು ಎಷ್ಟು ನಿಧಾನವಾಗಿ ಆಗುತ್ತೆ ಅಂದರೆ, ಜನ ಎಚ್ಚರವಾಗುವ ಹೊತ್ತಿಗೆ ಸೀಸದ ಪೆಟ್ರೋಲು ಎಲ್ಲೆಲ್ಲೂ ಆಗಿಹೋಗಿರುತ್ತೆ.

1925ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ಸರ್ಜನ್ ಜನರಲ್ ಹ್ಯೂ ಕಮಿಂಗ್ ಒಂದು ಸಭೆ ಕರೆದರು. ಕಂಪನಿಯವರು, ವಿಜ್ಞಾನಿಗಳು, ಕಾರ್ಮಿಕರ ಪರ ಇರುವವರು ಎಲ್ಲ ಸೇರಿದ್ದರು. ಎಥಿಲ್ ಕಂಪನಿಯ ಫ್ರಾಂಕ್ ಹೊವರ್ಡ್ ಎದ್ದು, ಇದು ದೇವರು ಕೊಟ್ಟ ವರ, ಇದನ್ನು ಸುಮ್ಮನೆ ಎಸೆಯೋಕಾಗುತ್ತಾ ಅಂದ. ಅದಕ್ಕೆ ನ್ಯೂಯಾರ್ಕಿನ ವರ್ಕರ್ಸ್ ಹೆಲ್ತ್ ಬ್ಯೂರೋದ ಗ್ರೇಸ್ ಬರ್ನ್‌ಹ್ಯಾಮ್ ಎಂಬ ಹೆಣ್ಣುಮಗಳು, ಸತ್ತ ಕಾರ್ಮಿಕರಿಗೆ ಇದು ದೇವರ ವರ ಆಗಿರಲಿಲ್ಲ ಅಂತ ತಿರುಗಿ ಹೇಳಿದಳು. ಮಾರಾಟ ತಾತ್ಕಾಲಿಕವಾಗಿ ನಿಂತಿತು. ಏಳು ತಜ್ಞರ ಸಮಿತಿ ಒಹಾಯೋದಲ್ಲಿ 252 ಮಂದಿ ಚಾಲಕರು ಮತ್ತು ಗ್ಯಾರೇಜ್ ಕೆಲಸಗಾರರನ್ನು ಪರೀಕ್ಷಿಸಿ, 1926ರ ಜನವರಿಯಲ್ಲಿ ವರದಿ ಕೊಟ್ಟಿತು. ನಿಷೇಧಿಸಲು ಸದ್ಯಕ್ಕೆ ಸಾಕಷ್ಟು ಕಾರಣವಿಲ್ಲ, ಆದರೆ ವರ್ಷಗಳು ಕಳೆದಂತೆ ತೊಂದರೆ ಹೊರಬರಬಹುದು, ಸಂಶೋಧನೆ ಮುಂದುವರಿಸಬೇಕು ಅನ್ನೋದು ಅದರ ಸಾರ. ಮೊದಲಿನ ಅರ್ಧ ವಾಕ್ಯವನ್ನು ಕಂಪನಿ ಹಿಡಿದುಕೊಂಡಿತು. ಎರಡನೆಯ ಅರ್ಧವನ್ನು ಸರ್ಕಾರ ಮರೆಯಿತು. ಮುಂದಿನ ನಲವತ್ತು ವರ್ಷ ಸೀಸದ ಪೆಟ್ರೋಲಿನ ಸಂಶೋಧನೆ ಬಹುಪಾಲು ನಡೆದದ್ದು ಉದ್ಯಮದ ದುಡ್ಡಿನಲ್ಲಿ, ರಾಬರ್ಟ್ ಕೀಹೋ ಎಂಬ ವೈದ್ಯನ ಪ್ರಯೋಗಾಲಯದಲ್ಲಿ.

ಕೀಹೋ ವಾದ ಕೇಳಿದರೆ ಮೊದಲಿಗೆ ನ್ಯಾಯ ಅನ್ನಿಸುತ್ತೆ. ಹಾನಿ ಆಗುತ್ತೆ ಅಂತೀರಲ್ಲ, ಸಾಬೀತು ಮಾಡಿ, ಅಲ್ಲಿವರೆಗೆ ನಾವು ಮಾರ್ತೀವಿ. ಸೀಸ ಮುಟ್ಟದ ಜನರ ದೇಹದಲ್ಲೂ ಸ್ವಲ್ಪ ಸೀಸ ಇದ್ದೇ ಇರುತ್ತೆ, ಅದು ಸಹಜ, ಒಂದು ಮಿತಿಯ ಕೆಳಗೆ ಅಪಾಯ ಇಲ್ಲ ಅಂತಲೂ ಹೇಳಿದ. ತೊಂದರೆ ಎಲ್ಲಿತ್ತು ಅಂದರೆ, ಅಷ್ಟು ಹೊತ್ತಿಗೆ ಸೀಸ ಮುಟ್ಟದ ಮನುಷ್ಯನೇ ಉಳಿದಿರಲಿಲ್ಲ. ಎಲ್ಲರ ಬಟ್ಟೆಯೂ ಮಣ್ಣಾಗಿದ್ದರೆ ಬಟ್ಟೆಯ ಬಣ್ಣವೇ ಮಣ್ಣು ಅಂದ ಹಾಗೆ. ಇದನ್ನು ಕಂಡುಹಿಡಿದವರು ವೈದ್ಯರಲ್ಲ, ಭೂಮಿಯ ವಯಸ್ಸು ಅಳೆಯಲು ಹೊರಟ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಯ ಸೀಸ ಅಳೆಯಲು ಕೂತಾಗಲೆಲ್ಲ ಎಲ್ಲಿಂದಲೋ ಬಂದ ಸೀಸ ಲೆಕ್ಕ ಕೆಡಿಸುತ್ತಿತ್ತು. ಗಾಳಿಯಲ್ಲಿ, ನೀರಿನಲ್ಲಿ, ತನ್ನ ತಲೆಗೂದಲಲ್ಲಿ ಕೂಡ. 1956ರಲ್ಲಿ ಭೂಮಿಗೆ ಸುಮಾರು 455 ಕೋಟಿ ವರ್ಷ ಅಂತ ಪ್ರಕಟಿಸಿದ. ಆಮೇಲೆ ಆ ಹೊರಗಿನ ಸೀಸದ ಬೆನ್ನು ಹತ್ತಿದ. 1965ರಲ್ಲಿ ಅವನು ಬರೆದದ್ದು ಇಷ್ಟು: ನೀವು "ಸಾಮಾನ್ಯ" ಅನ್ನುವ ಪ್ರಮಾಣ "ಸಹಜ" ಪ್ರಮಾಣ ಅಲ್ಲ, ಎಲ್ಲರೂ ಸೀಸ ತಿಂದವರೇ.

ಇಷ್ಟರಲ್ಲಿ ನ್ಯೂಯಾರ್ಕಿನ ಹಳೆ ಮನೆಗಳಲ್ಲಿ ಇನ್ನೊಂದು ದಾರಿಯಿಂದ ಸೀಸ ಮಕ್ಕಳ ಬಾಯಿಗೆ ಹೋಗುತ್ತಿತ್ತು. ಗೋಡೆ ಬಣ್ಣ. ನ್ಯೂಯಾರ್ಕಿನಲ್ಲೇ ಕಚೇರಿ ಇದ್ದ ನ್ಯಾಶನಲ್ ಲೆಡ್ ಕಂಪನಿ "ಡಚ್ ಬಾಯ್" ಅನ್ನೋ ಗುರುತಿನಲ್ಲಿ ಸೀಸದ ಬಿಳಿ ಬಣ್ಣ ಮಾರುತ್ತಿತ್ತು. ಗುರುತಿನಲ್ಲಿ ಟೋಪಿ ಹಾಕಿದ ಮುದ್ದಾದ ಹುಡುಗ. ಬಣ್ಣ ಹಳತಾದ ಮೇಲೆ ಚಕ್ಕೆ ಏಳುತ್ತೆ, ಕಿಟಕಿ ಎಳೆದಾಗ ಪುಡಿ ಉದುರುತ್ತೆ. ಆ ಚಕ್ಕೆ ನಾಲಗೆಗೆ ಸ್ವಲ್ಪ ಸಿಹಿ. ಅಂಬೆಗಾಲಿಡುವ ಮಗು ಏನು ಮಾಡುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಇದರ ವಿರುದ್ಧ 1922ರಲ್ಲೇ ಕಾನೂನು ಮಾಡಿತ್ತು. ನ್ಯೂಯಾರ್ಕ್ ನಗರ ಮನೆಯೊಳಗಿನ ಸೀಸದ ಬಣ್ಣ ನಿಷೇಧಿಸಿದ್ದು 1960ರಲ್ಲಿ, ಇಡೀ ಅಮೆರಿಕಾ 1978ರಲ್ಲಿ. ಆದರೆ ಗೋಡೆ ಮೇಲೆ ಆಗಲೇ ಇದ್ದ ಬಣ್ಣವನ್ನು ಕಾನೂನು ಕೆರೆದು ತೆಗೆಯಲ್ಲವಲ್ಲ.

1969ರಲ್ಲಿ ಈಸ್ಟ್ ಹಾರ್ಲೆಮ್‌ನ ಪೋರ್ಟೊರಿಕನ್ ಹುಡುಗ ಹುಡುಗಿಯರ "ಯಂಗ್ ಲಾರ್ಡ್ಸ್" ಸಂಘಟನೆ ಇದನ್ನು ಕೈಗೆತ್ತಿಕೊಂಡಿತು. ನಗರದ ಆರೋಗ್ಯ ಇಲಾಖೆ ಹತ್ತಿರ ಸೀಸ ಪರೀಕ್ಷೆಯ ಕಿಟ್‌ಗಳು ಬಳಸದೆ ಬಿದ್ದಿದ್ದವು. ಇವರು ಹೋಗಿ ಕಚೇರಿಯಲ್ಲಿ ಕೂತರು, ಕೊಡುವವರೆಗೂ ಏಳಲಿಲ್ಲ. ಆಮೇಲೆ ಮನೆ ಮನೆ ಬಾಗಿಲು ತಟ್ಟಿ ಮಕ್ಕಳನ್ನು ಪರೀಕ್ಷಿಸಿದರು. ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಜ್ಯಾಕ್ ನ್ಯೂಫೀಲ್ಡ್ ಬಿಡದೆ ಬರೆದರು. 1970ರಲ್ಲಿ ನಗರ ಸೀಸದ ವಿಷದ ನಿಯಂತ್ರಣಕ್ಕೆ ಅಂತಲೇ ಒಂದು ವಿಭಾಗ ತೆರೆಯಿತು. ಸೀಸದ ಇತಿಹಾಸದಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳ ಹೆಸರು ಬರುತ್ತೆ. ನನ್ನನ್ನು ಕೇಳಿದರೆ ಬಾಗಿಲು ತಟ್ಟಿದ ಈ ಹುಡುಗರಿಗೂ ಅದೇ ಸಾಲಿನಲ್ಲಿ ಜಾಗ ಕೊಡಬೇಕು.

ಸೀಸ ದೇಹದೊಳಗೆ ಮಾಡುವ ಕೆಲಸ ವೇಷ ಹಾಕಿಕೊಂಡು ನುಗ್ಗುವ ಕಳ್ಳನದ್ದು. ದೇಹ ಅದನ್ನು ಕ್ಯಾಲ್ಸಿಯಂ ಅಂದುಕೊಳ್ಳುತ್ತೆ. ಬೆಳೆಯುವ ಮಗುವಿಗೆ ಕ್ಯಾಲ್ಸಿಯಂ ಹಸಿವು ಜಾಸ್ತಿ, ಹಾಗಾಗಿ ದೊಡ್ಡವರಿಗಿಂತ ಹೆಚ್ಚು ಪಾಲು ಹೀರಿಕೊಳ್ಳುತ್ತೆ. ನರಕೋಶಗಳು ಮಾತಾಡಿಕೊಳ್ಳುವುದೇ ಕ್ಯಾಲ್ಸಿಯಂ ಸಂಕೇತದ ಮೂಲಕ, ಸೀಸ ಅಲ್ಲಿ ಹೋಗಿ ಕೂರುತ್ತೆ. ಉಳಿದದ್ದು ಮೂಳೆ ಸೇರಿ ದಶಕಗಳ ಕಾಲ ಕಾಯುತ್ತೆ. ಹೆಣ್ಣುಮಕ್ಕಳು ಬಸುರಾದಾಗ ಮೂಳೆಯಿಂದ ಕ್ಯಾಲ್ಸಿಯಂ ಇಳಿದು ಬರುವಾಗ ಹಳೆ ಸೀಸವೂ ಜೊತೆಗೆ ಇಳಿದು ಬಂದು ಹೊಟ್ಟೆಯಲ್ಲಿರುವ ಕೂಸನ್ನು ಮುಟ್ಟುತ್ತೆ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅಳೆದು, ಕಾಯಿಲೆಯ ಯಾವ ಲಕ್ಷಣವೂ ಇಲ್ಲದ ಮಕ್ಕಳಲ್ಲೂ ಸೀಸ ಹೆಚ್ಚಿದ್ದವರ ಬುದ್ಧಿಶಕ್ತಿ, ಗಮನ ಕಡಿಮೆ ಅಂತ ತೋರಿಸಿದ. ಬೇವೇಯ ಕಾರ್ಮಿಕನ ಹುಚ್ಚು ಎಲ್ಲರ ಕಣ್ಣಿಗೂ ಬಿತ್ತು. ಲೆಕ್ಕದಲ್ಲಿ ಸ್ವಲ್ಪ ಹಿಂದೆ ಬಿದ್ದ ಮಗುವಿನದ್ದು ಯಾರ ಕಣ್ಣಿಗೆ ಬೀಳಬೇಕು?

ಅಮೆರಿಕಾ 1970ರ ದಶಕದಲ್ಲಿ ಪೆಟ್ರೋಲಿನ ಸೀಸ ಇಳಿಸಲು ಶುರು ಮಾಡಿತು. ಅದಕ್ಕೆ ಆರೋಗ್ಯದ ಕಾಳಜಿ ಒಂದು ಕಾರಣ, ಕಾರುಗಳಿಗೆ ಹೊಸದಾಗಿ ಬಂದ ಕ್ಯಾಟಲಿಟಿಕ್ ಕನ್ವರ್ಟರನ್ನು ಸೀಸ ಹಾಳು ಮಾಡುತ್ತಿದ್ದದ್ದು ಇನ್ನೊಂದು. 1976ರಿಂದ 1980ರ ನಡುವೆ ರಾಷ್ಟ್ರೀಯ ಸಮೀಕ್ಷೆಯೊಂದು ಜನರ ರಕ್ತ ಪರೀಕ್ಷಿಸಿತು. ಪೆಟ್ರೋಲಿನ ಸೀಸ ಇಳಿದ ಹಾಗೆ ರಕ್ತದ ಸೀಸವೂ ಅದೇ ಗೆರೆಯಲ್ಲಿ ಶೇಕಡಾ 37ರಷ್ಟು ಇಳಿದಿತ್ತು. 1925ರಲ್ಲಿ ಕೇಳಿದ ಸಾಬೀತು ಸಿಕ್ಕಿದ್ದು ಹೀಗೆ, ಅರ್ಧ ಶತಮಾನದ ನಂತರ, ನಿಲ್ಲಿಸಿದ ಮೇಲೆ.

ಅಮೆರಿಕಾದಲ್ಲಿ ಮಾರುಕಟ್ಟೆ ಮುಚ್ಚಿದರೂ ಈ ದ್ರವ ಬೇರೆ ದೇಶಗಳಿಗೆ ಹೋಗುತ್ತಲೇ ಇತ್ತು. ನಮ್ಮಲ್ಲಿ ಮೂವತ್ತೈದು ನಲವತ್ತು ದಾಟಿದವರು, ಬೆಂಗಳೂರಲ್ಲೋ ಮೈಸೂರಲ್ಲೋ ಆಟೋ, ಸ್ಕೂಟರ್ ಹೊಗೆ ಕುಡಿದು ಶಾಲೆಗೆ ಹೋದವರು, ಬೇವೇಯ ಆ ದ್ರವದ ಪಾಲುದಾರರೇ. 1990ರ ದಶಕದ ಕೊನೆಯಲ್ಲಿ ಇದನ್ನು ಬೆಂಗಳೂರಿನಿಂದ ಎತ್ತಿ ಹೇಳಿದವರು ಇಬ್ಬರು. ಒಬ್ಬರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಬಯೋಕೆಮಿಸ್ಟ್ರಿ ಪ್ರೊಫೆಸರ್ ಡಾ. ತುಪ್ಪಿಲ್ ವೆಂಕಟೇಶ್. ಇನ್ನೊಬ್ಬರು ಅಬ್ರಹಾಂ ಜಾರ್ಜ್, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕಾದಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿ, ವಾಪಸ್ ಬಂದು ಜಾರ್ಜ್ ಫೌಂಡೇಶನ್ ಶುರು ಮಾಡಿದವರು. ಅವರ "ಪ್ರಾಜೆಕ್ಟ್ ಲೆಡ್ ಫ್ರೀ" ಬೆಂಗಳೂರು, ಚೆನ್ನೈ, ದೆಹಲಿ ಸೇರಿ ಏಳು ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷಿಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಜಾಸ್ತಿ ಸೀಸ ಇತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರವರಿಗೆ ದೇಶದ ಎಲ್ಲ ಕಡೆ ಸೀಸವಿಲ್ಲದ ಪೆಟ್ರೋಲು ಬಂತು. ಭಾರತ ಸೀಸದ ಬಣ್ಣಕ್ಕೆ 90 ಪಿಪಿಎಂ ಮಿತಿ ಜಾರಿಗೆ ತಂದದ್ದು 2017ರಲ್ಲಿ. ಪ್ರಪಂಚದಲ್ಲಿ ಕಾರಿಗೆ ಸೀಸದ ಪೆಟ್ರೋಲು ಮಾರಿದ ಕೊನೆಯ ದೇಶ ಅಲ್ಜೀರಿಯಾ. ಅಲ್ಲಿ ನಿಂತದ್ದು 2021ರ ಜುಲೈಯಲ್ಲಿ.

ಹಾಗಾದರೆ ಮುಗೀತಲ್ಲ ಅಂತೀರಾ? ಮತ್ತೆ ನ್ಯೂಜೆರ್ಸಿಗೆ ಬನ್ನಿ.

2017ರಲ್ಲಿ ನ್ಯೂವರ್ಕ್ ನಗರದ ನಲ್ಲಿ ನೀರಿನಲ್ಲಿ ಸೀಸ 15 ಪಿಪಿಬಿಯ ಸರ್ಕಾರಿ ಮಿತಿ ದಾಟಿತು. ನೀರಿನ ಮೂಲದಲ್ಲಿ ಸೀಸ ಇರಲಿಲ್ಲ, ರಸ್ತೆಯಿಂದ ಮನೆಗೆ ಹೋಗುವ ಹಳೆ ಕೊಳವೆಗಳೇ ಸೀಸದ್ದು. ಕೊಳವೆಯ ಒಳಮೈಗೆ ಒಂದು ಪದರ ಕೂರಲಿ ಅಂತ ನೀರಿಗೆ ಹಾಕುತ್ತಿದ್ದ ಸೋಡಿಯಂ ಸಿಲಿಕೇಟ್ ಕೆಲಸ ಮಾಡದೆ, ಸೀಸ ಕರಗಿ ಬರತೊಡಗಿತ್ತು. ಏನೂ ಆಗಿಲ್ಲ ಅಂತ ನಗರ ಮೊದಮೊದಲು ಹೇಳಿತು. 2019ರ ಆಗಸ್ಟಿನಲ್ಲಿ ಜನ ಬಿಸಿಲಲ್ಲಿ ಬಾಟಲಿ ನೀರಿಗೆ ಸಾಲು ನಿಂತ ಚಿತ್ರ ದೇಶಕ್ಕೆಲ್ಲ ಹೋಯಿತು. ಆಮೇಲೆ ನಡೆದದ್ದು ಮೆಚ್ಚುವಂಥದ್ದು. ಎಸೆಕ್ಸ್ ಕೌಂಟಿ 12 ಕೋಟಿ ಡಾಲರ್ ಬಾಂಡ್ ಎತ್ತಿತು, ಮನೆ ಮಾಲೀಕನ ಒಪ್ಪಿಗೆಗೆ ಕಾಯದೆ ಕೊಳವೆ ಬದಲಿಸುವ ಕಾನೂನು ನಗರ ಮಾಡಿತು, ಮೂರು ವರ್ಷದೊಳಗೆ ಸುಮಾರು 23,000 ಕೊಳವೆಗಳು ತಾಮ್ರದವಾದವು. ಮಾಡಬೇಕು ಅಂತ ಕೂತರೆ ಆಗುತ್ತೆ. ಜರ್ಸಿ ಸಿಟಿ, ಹೊಬೋಕನ್ ಕಡೆಯ ಹಳೆ ಇಟ್ಟಿಗೆ ಮನೆಗಳಲ್ಲಿ ಬಾಡಿಗೆಗೆ ಇರುವ ನಮ್ಮವರು ಬೇಸ್‌ಮೆಂಟಿಗೆ ಇಳಿದು, ನೀರಿನ ಮೀಟರಿಗೆ ಬರುವ ಕೊಳವೆಯನ್ನು ಒಂದು ನಾಣ್ಯದಿಂದ ಕೆರೆದು ನೋಡಿ. ಮೆತ್ತಗೆ, ಬೆಳ್ಳಿ ಬಣ್ಣಕ್ಕೆ ಹೊಳೆದರೆ, ಅಯಸ್ಕಾಂತ ಅಂಟದಿದ್ದರೆ, ಅದು ಸೀಸ. 1978ಕ್ಕಿಂತ ಹಳೆಯ ಬಾಡಿಗೆ ಮನೆಗಳ ಬಣ್ಣ ಪರೀಕ್ಷೆ ಮಾಡಿಸುವುದು 2022ರ ಜುಲೈನಿಂದ ನ್ಯೂಜೆರ್ಸಿಯಲ್ಲಿ ಕಡ್ಡಾಯ. ಮಾಲೀಕನನ್ನು ಕೇಳೋದಕ್ಕೆ ಸಂಕೋಚ ಬೇಡ.

ಇನ್ನೊಂದು ಮೂಲ ಇದೆ. ಅದನ್ನು ಹೇಳೋದು ಸ್ವಲ್ಪ ಕಷ್ಟ, ಯಾಕಂದರೆ ಅದು ನಮ್ಮ ದೇವರ ಕೋಣೆಯಲ್ಲಿದೆ. ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 118 ಸಿಂಧೂರ, ಕುಂಕುಮದ ಪುಡಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 95 ನ್ಯೂಜೆರ್ಸಿಯ ನಮ್ಮದೇ ಅಂಗಡಿಗಳಲ್ಲಿ ಕೊಂಡದ್ದು, 23 ಮುಂಬಯಿ ಮತ್ತು ದೆಹಲಿಯಲ್ಲಿ ಕೊಂಡದ್ದು. ನ್ಯೂಜೆರ್ಸಿಯ ಪುಡಿಗಳಲ್ಲಿ ಶೇಕಡಾ 83ರಲ್ಲಿ ಗ್ರಾಂಗೆ 1 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇತ್ತು. ಒಟ್ಟಾರೆ ಮೂರರಲ್ಲಿ ಒಂದು ಪಾಲು ಅಮೆರಿಕಾದ ಸೌಂದರ್ಯ ಸಾಮಗ್ರಿಗಳ ಮಿತಿಯಾದ 20 ಮೈಕ್ರೋಗ್ರಾಂ ದಾಟಿತ್ತು. ಕೆಲವಂತೂ 10,000ಕ್ಕೂ ಮೇಲೆ. ನಮ್ಮ ಅಜ್ಜಿಯರ ಕುಂಕುಮ ಅರಿಶಿನದ ಕೊಂಬನ್ನು ನಿಂಬೆರಸ, ಬಿಳಿಗಾರದಲ್ಲಿ ನೆನೆಸಿ ಒಣಗಿಸಿ ಕುಟ್ಟಿದ್ದು. ಅದರ ಕೆಂಪು ಸ್ವಲ್ಪ ಮಂಕು. ಸೀಸದ ಆಕ್ಸೈಡ್ ಹಾಕಿದರೆ ಕಣ್ಣು ಕುಕ್ಕುವ ಕೇಸರಿ ಕೆಂಪು ಬರುತ್ತೆ, ತೂಕವೂ ಬರುತ್ತೆ, ಬೆಲೆಯೂ ಕಮ್ಮಿ. ಹಣೆಗೆ ಇಟ್ಟರೆ ಚರ್ಮದಿಂದ ಒಳಗೆ ಇಳಿಯುವುದು ಕಡಿಮೆಯೇ. ಆದರೆ ಬೆರಳಿಗೆ ಅಂಟಿದ ಪುಡಿ ತುತ್ತಿಗೆ ಹೋಗುತ್ತೆ, ಅಮ್ಮನ ಹಣೆ ಮುಟ್ಟಿದ ಕೂಸಿನ ಕೈ ಬಾಯಿಗೆ ಹೋಗುತ್ತೆ, ಪೂಜೆ ಮಾಡಿದ ನೆಲದ ಮೇಲೆ ಅದು ಅಂಬೆಗಾಲಿಡುತ್ತೆ.

ಔಷಧಿ ವಿಷಯವೂ ಹಾಗೇ. 2011 ಮತ್ತು 2012ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ ಕಂಡು ವಿಚಾರಿಸಿದಾಗ ಸಿಕ್ಕಿದ್ದು ಭಾರತದಲ್ಲಿ ತಯಾರಾದ ಆಯುರ್ವೇದದ ಮಾತ್ರೆಗಳು. ರಸಶಾಸ್ತ್ರದ ಭಸ್ಮಗಳಲ್ಲಿ ಸೀಸದಿಂದಲೇ ಮಾಡುವ ನಾಗಭಸ್ಮವೂ ಒಂದು ಅನ್ನೋದು ಆಯುರ್ವೇದ ಓದಿದವರಿಗೆ ಗೊತ್ತಿರುವ ವಿಷಯವೇ. ಅದೇ ಇಲಾಖೆ 2008ರಿಂದ 2017ರವರೆಗೆ ಸುಮಾರು 1,500 ಮಸಾಲೆ ಪುಡಿಗಳನ್ನು ಪರೀಕ್ಷಿಸಿತು, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸೀಸದ ಅಂಶ ಸಿಕ್ಕಿತು. ಅರಿಶಿನದ ಹಳದಿ ಎದ್ದು ಕಾಣಲಿ ಅಂತ ಸೀಸದ ಕ್ರೋಮೇಟ್ ಬೆರೆಸುವ ವ್ಯಾಪಾರಿಗಳು ಉಪಖಂಡದಲ್ಲಿ ಇದ್ದಾರೆ. ಇದನ್ನು ಕೇಳಿ ನಮ್ಮ ಸಂಸ್ಕೃತಿಗೆ ಬೈದರು ಅಂತ ಯಾರಾದರೂ ಮುನಿಸಿಕೊಂಡರೆ ನನಗೆ ಆಶ್ಚರ್ಯ ಆಗಲ್ಲ. ಆದರೆ ಡಚ್ ಬಾಯ್ ಬಣ್ಣ ಮಾರಿದವರ ಲೆಕ್ಕಾಚಾರಕ್ಕೂ ಕುಂಕುಮಕ್ಕೆ ಸೀಸ ಬೆರೆಸುವವನ ಲೆಕ್ಕಾಚಾರಕ್ಕೂ ನನಗೆ ವ್ಯತ್ಯಾಸ ಕಾಣಲ್ಲ.

ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ರಾಜ್ಯಗಳಲ್ಲಿ ಪ್ರತಿ ಮಗುವಿಗೂ ಒಂದು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಬೇಕು ಅಂತ ನಿಯಮ ಇದೆ. ಅಮೆರಿಕಾದ ಸಿಡಿಸಿ ಗಮನ ಕೊಡಬೇಕಾದ ಮಟ್ಟವನ್ನು 1960ರ ದಶಕದ 60ರಿಂದ ಇಳಿಸುತ್ತಾ ಇಳಿಸುತ್ತಾ 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5 ಮೈಕ್ರೋಗ್ರಾಂಗೆ ತಂದಿದೆ. ಡಾಕ್ಟರ್ ಹತ್ತಿರ ಹೋದಾಗ ಅವರು ಸಾಮಾನ್ಯವಾಗಿ ಕೇಳೋದು ಮನೆ ಯಾವ ಕಾಲದ್ದು ಅಂತ. ಎಡಿಸನ್ನಿನ ಹೊಸ ಟೌನ್‌ಹೌಸ್ ಅಂದರೆ ಅವರು ಅಲ್ಲಿಗೇ ಬಿಡಬಹುದು. ಊರಿಂದ ತಂದ ಅರಿಶಿನ, ಕುಂಕುಮ, ಕಣ್ಕಪ್ಪು, ಅಜ್ಜಿ ಕಳಿಸಿದ ಬಾಣಂತಿ ಲೇಹ್ಯ, ಇದನ್ನೆಲ್ಲ ನೀವೇ ಬಾಯಿಬಿಟ್ಟು ಹೇಳಬೇಕು. ಡಬ್ಬಿ ಎಸೆದುಬಿಡಬೇಡಿ, ಜೊತೆಗೆ ತಗೊಂಡು ಹೋಗಿ.